ಚೀಟಿಯನ್ನು ಕೊನೆಗೆ ಓದಬೇಕು

ಖೆಬ್ ಪಟ್ಟಣದ ಸಂತೆ. ಪ್ಲಾಸ್ಟಿಕ್ ಚಪ್ಪಲಿ, ಚರ್ಮದ ಚೀಲ,
ಸಿಗರೇಟು ಪೆಟ್ಟಿಗೆಗಳ ಗೋಪುರ. ನಡುವೆ
ಕೂಸಿನ ಕಂಬಳಿಯಲ್ಲಿ ಸುತ್ತಿದ ಒಂದು ಪಿಟೀಲು.
"ಇಟಲಿಯದು" ಅಂದಳು ಲ್ವಾನ್, "ಒಳಗೇ ಬರೆದಿದೆ, ನೋಡಿ."

ಒಳಗೆ ಬರೆದದ್ದನ್ನು ಕೊನೆಗೆ ಓದಬೇಕು, ತಾಯಿ.
ಮೊದಲು ತಲೆ.
ಸುರುಳಿಯ ಹಿಂದೆ ಬೆರಳು ಜಾರಿಸಿದೆ:
ಕೊರೆದ ಕಾಲುವೆ ಬುಡ ಮುಟ್ಟುವ ಮೊದಲೇ,
ಅರ್ಧ ಅಂಗುಲ ಇರುವಾಗಲೇ, ನಿಂತುಬಿಟ್ಟಿದೆ.
ಡಜನ್ನಿಗೆ ಇಷ್ಟು ಅಂತ ಕೂಲಿ ಎಣಿಸುವವನ ಉಳಿ
ಅಲ್ಲೇ ನಿಲ್ಲುವುದು.

ಬಿರಡೆಯ ತೂತು ಇನ್ನೂ ಬಿಗಿ;
ಕಿವಿ ಹಿಂಡಿಸಿಕೊಂಡದ್ದು ಕಡಿಮೆ.
ಸವೆತವೋ, ಭುಜ ತಾಗದ ಕಡೆ.
ಗದ್ದ ಒರಗುವಲ್ಲಿ ಮೆರುಗು ಹಾಗೇ ಇದೆ.
ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿ ಒಳಗಿಳಿಸಿದೆ:
ಮೂಲೆಗಳಿಗೆ ಮರದ ಗಟ್ಟಿಯಿಲ್ಲ,
ಗೋಡೆಯಿದ್ದೂ ಕಂಬವಿಲ್ಲದ ಮನೆ.
ಆಮೇಲೆ ಚೀಟಿ. ಸಾವಿರದ ಏಳುನೂರ ಮೂವತ್ತೆರಡು.
ಚಹಾದಲ್ಲಿ ಅದ್ದಿ ಒಣಗಿಸಿದ ಮುಪ್ಪು.

"ಮತ್ತೆ ಎಲ್ಲಿಯದು?"

ಇಲ್ಲಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ. ಲುಬಿ.
ಆಗ ಶೋನ್‌ಬಾಖ್. ಮಾತೂ ಬೇರೆ.
ಒಂದು ಮನೆ ಬರೀ ತಲೆ ಕೆತ್ತುತ್ತಿತ್ತು, ಒಂದು ಮನೆ ಬರೀ ಬೆನ್ನು;
ಶನಿವಾರ ಹೆಂಗಸರು ಬುಟ್ಟಿಯಲ್ಲಿ ಹೊತ್ತು
ಸಾಹುಕಾರನ ಮುಂದೆ ಸುರಿಯುತ್ತಿದ್ದರು.
ನೂರ ಹತ್ತು ವರ್ಷ ಅನ್ನು. ಹೆಚ್ಚೆಂದರೆ ನೂರ ಇಪ್ಪತ್ತು.
ಯುದ್ಧ ಮುಗಿದ ಮೇಲೆ ಅವರನ್ನೆಲ್ಲ
ಕೈಗೆ ಸಿಕ್ಕ ಗಂಟಿನೊಡನೆ ರೈಲು ಹತ್ತಿಸಿದರು.
ಖಾಲಿ ಮನೆಗೆ ನನ್ನಪ್ಪ ಬಂದ.

ಇದನ್ನು ಅವಳಿಗೆ ಹೇಳಲಿಲ್ಲ:
ಗೂಡಿನಲ್ಲಿ ಉಳಿಗಳು ಇದ್ದಲ್ಲೇ ಇದ್ದವು.
ಹಿಡಿಯಲ್ಲಿ ಯಾರದೋ ಹೆಬ್ಬೆರಳಿನ ಗುಳಿ.
ನಾನು ಕಸುಬು ಕಲಿತದ್ದು
ಆ ಗುಳಿಯಲ್ಲಿ ಬೆರಳಿಟ್ಟು.

"ಮೂರು ಸಾವಿರ ಕೊರುನ" ಅಂದೆ.
ಲ್ವಾನ್ ನಕ್ಕಳು. ತಲೆಯ ಮೇಲೆ ತೂಗುತ್ತಿದ್ದ ಚೀಲವೊಂದನ್ನು
ಕೋಲಿನಿಂದ ತಟ್ಟಿ ತಿರುಗಿಸಿದಳು.
"ಇದೂ ಇಟಲಿಯದೇ. ಹೊಲಿದದ್ದು ನನ್ನ ತಂಗಿ,
ನಾಮ್ ದಿನ್‌ನಲ್ಲಿ."

ಒಳಗು ಮಗುಚಿ ಹೊಲಿಗೆ ನೋಡಿದೆ. ಅಭ್ಯಾಸ.
ಒಳ್ಳೆಯ ಕೈ. ಅವಸರದ ಕೈ.

ಮೂರೂವರೆಗೆ ಮಾತು ಮುಗಿಯಿತು.
ಪಿಟೀಲು ಕೊಟ್ಟಳು.
ಕಂಬಳಿಯನ್ನು ಮಡಚಿ ಕುರ್ಚಿಯ ಕೆಳಗೆ ಇಟ್ಟುಕೊಂಡಳು.