ಹಳೇ ಡ್ರೈವರ್

ಡ್ರೈವರ್ ಅಂದ್ರ ನಮ್ಮ ಇಳಕಲ್ಲಾಗ
ಕೆಂಪು ಕಲ್ಲು ಹೇರಿದ ಲಾರಿ ಹೊಡಿಯಾವ.
ಅದಕ್ಕ ಸಿದ್ರಾಮ ಕಾಕಾ ನಕ್ಕ:
"ಕಾರ್ಡಿಗೂ ಬೇಕೇನೋ ಒಬ್ಬ ಡ್ರೈವರ?"
ಬೇಕು ಕಾಕಾ. ಜಗಳ ಇರೂದ ಅದರಾಗ.

ಒಂದ ಖೋಲಿ, ಎರಡು ಟೇಬಲ್.
ಹಸಿರು ಪೆಟ್ಟಿಗಿ ಕಾರ್ಡ್ ನಂದು,
ಕೆಂಪು ಪೆಟ್ಟಿಗೀದು ದಾವಲಂದು.
ಆಟ ಒಂದ, ರಸ್ತೆ ಒಂದ, ಸುರಿಯೂ ಮಳಿನೂ ಒಂದ.
ಮೂಲ್ಯಾಗ ಓಡೂ ಅಂಕಿ ಮಾತ್ರ ಬ್ಯಾರೆ:
ನನಗ ನೂರಾ ಹನ್ನೊಂದು,
ಅವಗ ತೊಂಬತ್ತಾರು.
"ಗೆದ್ದೆ" ಅಂದೆ.
"ಅಂಕಿ ಬಿಡು, ಸೇತುವೆ ದಾಟು" ಅಂದ.

ಸೇತುವೆ ಮ್ಯಾಲ ನನ್ನ ಕಾರು
ರೆಪ್ಪಿ ಬಡಿಯೂವಷ್ಟು ನಿಂತು,
ಜಿಗದು,
ಎಲ್ಲೋ ಮುಂದ ಇತ್ತು.
ಪ್ರತಿ ಸಲ. ಅಲ್ಲೇ.

ಮೊಮ್ಮಗನ್ನ ಊಟಕ್ಕ ಕರಿಯಾಕ ಬಂದ ನಿಂಬೆವ್ವ,
ಮೂವತ್ತು ವರ್ಷ ಕುಣಿಮಗ್ಗ ತುಳಿದಾಕಿ,
ಮೂಲ್ಯಾಗಿನ ಅಂಕಿ ನೋಡಲೇ ಇಲ್ಲ.
ಬಾಗಲಾಗ ನಿಂತ ಅಂದಳು:
"ಇದರ ಲಾಳಿ ಎಲ್ಲೋ ತಡೀತೈತಿ.
ಇಂಥಾ ಸೀರಿ ಒಯ್ದರ
ಸಾವಕಾರ ಕೂಲಿ ಮುರಕೋತಾನ."

ರಾತ್ರಿ ಹೊಸ ಡ್ರೈವರ್ ಕಿತ್ತು ಒಗದೆ.
ಯುಗಾದಿ ಹೊತ್ತಿನ ಹಳೇದು ಹುಡುಕಿ ಹಾಕಿದೆ.
ಸ್ಕ್ರೀನ್ ಎರಡು ಸಲ ಕರ್ರಗಾಗಿ ಬಂತು.
ಅಂಕಿ ನೂರಾ ಎರಡಕ್ಕ ಇಳೀತು.
ಸೇತುವೆ ದಾಟಿದೆ.
ಅದರ ಕೆಳಗ ಒಂದು ಹೊಳಿ ಐತಿ,
ಹೊಳ್ಯಾಗ ದೀಪ ಅದಾವ ಅಂತ
ಅವತ್ತ ಗೊತ್ತಾತು.

ದಾವಲಗ ಇನ್ನೂ ಹೇಳಿಲ್ಲ.
ಅವಂದೂ ನಿನ್ನೆ ಅಪ್ಡೇಟ್ ಆಗೇತಿ.
ಬಾಜೂ ಟೇಬಲ್ಲಿನಾಗ
ಕಾರು ನಿಂತ ನಿಂತ ಹೋಗ್ತೈತಿ,
ಬೈಗಳ ಮಾತ್ರ
ಎಲ್ಲೂ ತಡೀವಲ್ಲವು.