ಶುಕ್ರವಾರದ ಲೆಕ್ಕ

ಯಾಕಿಮಾದ ಸೇಬಿನ ಷೆಡ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ
ಯೆಸೆನಿಯಾ ಅಡುಗೆಮನೆಯ ಮೇಜಿಗೆ ಕೂತಿದ್ದಾಳೆ,
ಬೆರಳಲ್ಲಿನ್ನೂ ಹಣ್ಣಿಗೆ ಬಳಿಯುವ ಮೇಣದ ವಾಸನೆ.
ಎದುರಿಗೆ ಎರಡು ಕಾಗದ.
ಒಂದು ಹೊಳೆಯುತ್ತದೆ. ಇನ್ನೊಂದು ಇಲ್ಲ.

ಹೊಳೆಯುವುದರಲ್ಲಿ ನೀಲಿ ಅಂಗಿಯ ಹುಡುಗಿ
ಮೂವತ್ತೆರಡಕ್ಕೆ ಮೂವತ್ತೆರಡೂ ತೋರಿಸಿ ನಗುತ್ತಾಳೆ:
ಹತ್ತೇ ತಿಂಗಳು! ದಂತವೈದ್ಯರ ಪಕ್ಕದ ಕುರ್ಚಿ ನಿಮ್ಮದು!
ಸೋಮವಾರವೇ ಶುರು!
ಹತ್ತೊಂಬತ್ತು ಸಾವಿರದ ನಾನೂರು ಡಾಲರು ಮಾತ್ರ
ಹಿಂಬದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ.

ಹೊಳೆಯದ್ದು ಊರಿನ ಸರ್ಕಾರಿ ಕಾಲೇಜಿನದು.
ಜೆರಾಕ್ಸು, ಅದೂ ಸೊಟ್ಟಗೆ ಬಿದ್ದಿದೆ.
ಐದು ಸಾವಿರದ ಇನ್ನೂರು. ಸೀಟು ಇಪ್ಪತ್ತನಾಲ್ಕು.
ಕಾಯುವವರ ಪಟ್ಟಿಯಲ್ಲಿ ನಿಮ್ಮ ಸಂಖ್ಯೆ ನಲವತ್ತೊಂದು.

ದಿನಾ ನಾಲ್ಕು ಗಂಟೆಗೆ ಬ್ರೆಂಟ್ ಫೋನು ಮಾಡುತ್ತಾನೆ,
ಹೊಳೆಯುವ ಕಾಗದದ ಕಡೆಯವನು.
ಹೆಸರು ಹಿಡಿದೇ ಕರೆಯುತ್ತಾನೆ, ಮಗಳ ಹೆಸರೂ ಬಲ್ಲ.
ಮೂರು ವಾರದಿಂದ ಅವನ ಹತ್ತಿರ
ಎರಡೇ ಸೀಟು ಉಳಿದಿವೆ.

ಅಣ್ಣ ಎಫ್ರೈನ್ ಹೇಳುತ್ತಾನೆ,
'ಸಾಲ ಮಾಡದೆ ಈ ದೇಶದಲ್ಲಿ ಯಾರು ಮೇಲೆ ಬಂದರು?'
ಅವನ ಕೆಂಪು ಪಿಕಪ್ಪು ಹೊರಗೆ ನಿಂತಿದೆ,
ಇನ್ನೂ ಐವತ್ತೊಂದು ಕಂತು ದೂರದಲ್ಲಿ.

ಕರೆಂಟು ಬಿಲ್ಲಿನ ಲಕೋಟೆ ತಿರುವಿ ಬರೆಯುತ್ತಾಳೆ:
ಷೆಡ್ಡಿನಲ್ಲಿ ಗಂಟೆಗೆ ಹದಿನೇಳೂವರೆ,
ಕ್ಲಿನಿಕ್ಕಿನಲ್ಲಿ ಇಪ್ಪತ್ತೊಂದು.
ಮೂರೂವರೆ ಮೇಲಾಯಿತಲ್ಲ!
ಸಾಲದ ಕಂತು ತಿಂಗಳಿಗೆ ಇನ್ನೂರ ಮೂವತ್ತು, ಹತ್ತು ವರ್ಷ.
ಹತ್ತು ವರ್ಷಕ್ಕೆ ನಾಯೆಲಿಗೆ ಹದಿನಾರು.
ಪೆನ್ನು ಅಲ್ಲಿ ನಿಂತಿತು.
ಅವಳು ಎಂದೂ ಮಗಳ ವಯಸ್ಸನ್ನು
ಕಂತಿನಲ್ಲಿ ಅಳೆದಿರಲಿಲ್ಲ.

ಅಷ್ಟರಲ್ಲಿ ಎಡದವಡೆ ಎದ್ದು ಕೂತಿತು.
ಹಲ್ಲಿದ್ದಾಗ ಕಡಲೆ ಇಲ್ಲ, ಸರಿ;
ರಾತ್ರಿಗೆ ಲಕ್ಷ ಸೇಬು ಕೈದಾಟಿಸುವವಳಿಗೆ
ಒಂದು ಸೇಬು ಕಚ್ಚುವ ಹಲ್ಲಿಲ್ಲ.

ಆದಾಯ ನೋಡಿ ಬಿಲ್ಲು ಹಾಕುವ ದವಾಖಾನೆ.
ಸೂಜಿ. ತುಟಿ ಯಾರದೋ ಆಯಿತು.
ಡಾಕ್ಟರು ಎಕ್ಸರೇ ನೋಡಲು ಆಚೆ ಹೋದಾಗ
ಬಾಯಿತುಂಬ ಹತ್ತಿ ಇಟ್ಟುಕೊಂಡೇ ಕೇಳಿದಳು,
ಎಂಜಲು ಹೀರುವ ನಳಿಗೆ ಹಿಡಿದ ಡಾರ್ಲಾಳನ್ನು:
'ಅಂಬಳ ಎಹ್ಟು?'

ಡಾರ್ಲಾಗೆ ಒಂದಕ್ಷರ ಬಿಡದೆ ತಿಳಿಯಿತು.
ಇಪ್ಪತ್ತೆರಡು ವರ್ಷದಿಂದ ಅರ್ಧ ಬಾಯಿಯ ಮಾತು ಕೇಳಿದ್ದಾಳೆ.
'ಹೊಸಬರಿಗೆ ಇಪ್ಪತ್ತೊಂದು,' ಎಂದಳು, 'ಯಾವ ಕಾಲೇಜಾದರೂ.
ಆದರೆ ಶುಕ್ರವಾರ ಬಾಗಿಲು ಹಾಕುತ್ತೇವೆ.
ಇಲ್ಲಿ ಹೆಚ್ಚುಕಮ್ಮಿ ಎಲ್ಲರೂ.'
ಹೇಳಿ, ನಳಿಗೆಯನ್ನು ನಾಲಿಗೆಯಡಿ ಸರಿಸಿದಳು,
ಹೂವಿನ ಪಾತಿಗೆ ನೀರು ತಿರುಗಿಸುವವರ ಹಾಗೆ.
ಆ ಕೈಯನ್ನೇ ನೋಡುತ್ತಿದ್ದಳು ಯೆಸೆನಿಯಾ
ಹಲ್ಲು ಕಿತ್ತು ಬರುವಾಗ.

ಕಾರಿನಲ್ಲಿ ಮತ್ತೆ ಲಕೋಟೆ.
ನಲವತ್ತು ಗಂಟೆ, ಹದಿನೇಳೂವರೆ: ಏಳುನೂರು.
ಮೂವತ್ತೆರಡು ಗಂಟೆ, ಇಪ್ಪತ್ತೊಂದು: ಆರುನೂರ ಎಪ್ಪತ್ತೆರಡು.
ಒಂದು ಶುಕ್ರವಾರ ಬಂದು
ಇಡೀ ನೀಲಿ ಅಂಗಿಯನ್ನು ನುಂಗಿತು.

ಹಾಗಂತ ಷೆಡ್ಡು ಚಿನ್ನವೇನಲ್ಲ.
ಜೂನಿನಲ್ಲಿ ಬೆಲ್ಟು ನಿಂತರೆ ಏಳುನೂರು ಸೊನ್ನೆ.
ಇಪ್ಪತ್ತು ವರ್ಷ ಅಲ್ಲೇ ನಿಂತ ಹೆರ್ಲಿಂಡಾಳ ಬೆರಳು
ಈಗ ಗುಂಡಿ ಹಾಕಲೂ ಮಡಚುವುದಿಲ್ಲ.
ಇದನ್ನು ಯಾವ ಸಾಲಿನಲ್ಲಿ ಬರೆಯಬೇಕೆಂದು
ಲಕೋಟೆಯಲ್ಲಿ ಜಾಗವಿರಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಬ್ರೆಂಟ್.
'ನವವತ್ತೊಂಹು,' ಎಂದಳು ಹತ್ತಿಯ ಒಳಗಿಂದ.
'ಕ್ಷಮಿಸಿ, ಏನಂದಿರಿ?'
'ನವವತ್ತೊಂಹು. ಕಾಯ್ತೇನೆ.'
'ಕೇಳಿಸುತ್ತಿಲ್ಲ ಮೇಡಂ. ಎರಡೇ ಸೀಟು...'
ಫೋನು ಮಗುಚಿ ಇಟ್ಟಳು.

ರಾತ್ರಿ ನಾಯೆಲಿ ಪ್ಲಾಸ್ಟಿಕ್ ಡಬ್ಬಿ ಅಲುಗಿಸಿ
ಒಳಗಿನ ದವಡೆಹಲ್ಲಿನ ಸದ್ದು ಕೇಳಿದಳು.
ದಿಂಬಿನಡಿ ಇಟ್ಟರೆ ಇಲಿ ಬಂದು ಕಾಸಿಡುತ್ತದೆ,
ಅದು ಅವಳಿಗೆ ಗೊತ್ತು.
'ಅಮ್ಮಾ, ಇಷ್ಟು ದೊಡ್ಡದಕ್ಕೆ
ಎಷ್ಟು ಕೊಡುತ್ತದೆ?'