ಮೂವತ್ತೆರಡು

ಸೀಟಿನ ಹಿಂದೆ ಮೇಲುಗಡೆ ಐದು ಇಂಚು, ಕೆಳಗೆ ಒಂಬತ್ತೂವರೆ.
ಓರೆ. ಪಿಕಪ್ಪಿನಲ್ಲಿ ಯಾವುದೂ ನೆಟ್ಟಗಿರುವುದಿಲ್ಲ.
ಜಾಕು, ಪಾನಾ, ಹಗ್ಗ,
ಕರುವಿನ ಕಿವಿಗೆ ಚುಚ್ಚುವ ಬಿಲ್ಲೆಗಳ ಡಬ್ಬಿ,
ಎಲ್ಲ ತೆಗೆದು ಸಿಮೆಂಟು ನೆಲದ ಮೇಲಿಟ್ಟೆ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ,
ಒಕ್ಲಹೋಮದ ಗೈಮನ್ನಿನಲ್ಲಿ, ಜೋಳದ ಕಣಜಗಳ ಬೆನ್ನಿಗೊಂದು ತಗಡಿನ ಶೆಡ್ಡು.
ಹಂದಿಮಾಂಸದ ಕಾರ್ಖಾನೆಯ ಮೊದಲ ಸಂಬಳ ಹಿಡಿದು
ಹುಡುಗರು ಬರುತ್ತಾರೆ,
'ಫಿಡೆನ್ಸಿಯೊ, ನಂಬರ್ ಪ್ಲೇಟು ಉದುರಬೇಕು!'
ಉದುರಿಸಿ ಕೊಡುತ್ತೇನೆ.
ಹಲಗೆಗೆ ದುಡ್ಡು ಅಂದುಕೊಂಡಿದ್ದಾರೆ ಪಾಪ.
ನಾನು ಮಾರುವುದು ಹಲಗೆಯ ಒಳಗಿನದನ್ನು:
ಅಳೆದೂ ಸುರಿದೂ ಕೂಡಿಹಾಕಿದ
ಒಂದೂಕಾಲು ಘನ ಅಡಿ ಗಾಳಿ,
ಅಯಸ್ಕಾಂತ ನುಂಗುವ ಪಾಲು ಕಳೆದು.

ಈ ಮುದುಕ ಬೇರೆ.
ಆರ್ವಿಲ್ ಟ್ಯಾಕೆಟ್, ಎಪ್ಪತ್ತೆಂಟು, ಬೆಲ್ಟಿನ ಮೇಲೆ ಸೊಂಟದ ಪಟ್ಟಿ.
ಗಾಡಿ ಹೊಸದು, ಕರೆಂಟಿನದು;
ಬಂದದ್ದೇ ಗೊತ್ತಾಗಲಿಲ್ಲ,
ತಿರುಗಿದರೆ ನನ್ನ ಬೆನ್ನಿಗೇ ನಿಂತಿತ್ತು.

'ಹಾಡು ಬೇಡ' ಅಂದ.
ಫೋನು ತೆಗೆದು, ಹೆಬ್ಬೆರಳಲ್ಲಿ ಮೂರು ಸಲ ತಪ್ಪು ಒತ್ತಿ,
ಕೇಳಿಸಿದ. ಗಡಗಡ ಗಡಗಡ,
ನಡುವೆ ನಾಯಿ ಬೊಗಳಿದ್ದು, ಯಾರೋ ಬಾಗಿಲು ಹಾಕಿದ್ದು,
ಮತ್ತೆ ಗಡಗಡ.
ಗುಜರಿಗೆ ಹೋಗುವ ಹಿಂದಿನ ಸಂಜೆ
ಮೊಮ್ಮಗಳು ಹಿಡಿದಿಟ್ಟ ಹಳೆಯ ಡೀಸೆಲ್ ಗಾಡಿ.

'ನನ್ನ ದನಗಳಿಗೆ ನಾನು ಅಂದರೆ ಇದು.
ಈಗ ಹೋದರೆ ತಲೆಯೇ ಎತ್ತುವುದಿಲ್ಲ.
ಹುಲ್ಲು ತಂದವನು
ಕಳ್ಳನ ಹಾಗೆ ನಿಂತಿರಬೇಕು.'

ನಗಬಹುದಿತ್ತು.
ಪೆನ್ಸಿಲ್ ತೆಗೆದುಕೊಂಡೆ.
ಫೋನಿನಲ್ಲಿದ್ದದ್ದು ಸದ್ದಿನ ಸಿಪ್ಪೆ,
ತಿರುಳು ಕೆಳಗೆಲ್ಲೋ, ಗೊರಸಿಗೆ ತಾಗುವ ಕಡೆ.
ಆರು ಸಿಲಿಂಡರು, ನಿಮಿಷಕ್ಕೆ ಆರುನೂರ ನಲವತ್ತು ಸುತ್ತು,
ಗುಣಿಸಿ ಭಾಗಿಸಿದರೆ
ಸೆಕೆಂಡಿಗೆ ಮೂವತ್ತೆರಡು ಬಡಿತ.

ಹಲಗೆ ಕೊಯ್ದೆ. ಹುಡಿ ರೆಪ್ಪೆಯ ಮೇಲೆ ಹಿಟ್ಟಿನ ಹಾಗೆ ಕೂತಿತು.
ಅಂಟು, ತಿರುಪು, ಅಂಟು.
ಮೇಣದ ಬತ್ತಿ ಹಚ್ಚಿ, ಒಳಗಿಂದ ಗಾಳಿ ಬಿಟ್ಟು, ಸಂದುಗಳ ಉದ್ದಕ್ಕೂ ಸರಿಸಿದೆ;
ಒಂದು ಮೂಲೆಯಲ್ಲಿ ಕುಡಿ ಬಳುಕಿತು.
ಅಲ್ಲಿ ಮತ್ತೆ ಅಂಟು.
ಕೂರಿಸಿದ ಮೇಲೆ ಅವನು ಬಂದು ಕೂತ,
ನೋಯುವ ಬೆನ್ನಿಗೆಂದು ಸೀಟನ್ನು ಹಿಂದಕ್ಕೆ ವಾಲಿಸಿದ,
ಕಟಕ್.
ಗಾಡಿಯನ್ನು ಅಳೆದಿದ್ದೆ, ಮನುಷ್ಯನನ್ನು ಅಳೆದಿರಲಿಲ್ಲ.

(ಆ ಪೆಟ್ಟಿಗೆಯಲ್ಲೀಗ ನನ್ನ ಹೆಂಡತಿ
ಕ್ರಿಸ್‌ಮಸ್ ದೀಪದ ಸರ ತುಂಬಿಟ್ಟಿದ್ದಾಳೆ.)

ಎರಡನೆಯದು ತೆಳುವಾಯಿತು, ಅಗಲವಾಯಿತು,
ಕೊಳವೆಯನ್ನು ಎರಡು ಬೆರಳು ಉದ್ದ ಮಾಡಿದೆ,
ಬೆರಳಿಗೊಂದರಂತೆ ಸ್ವರ ಇಳಿಯಿತು,
ಇಳಿದೂ ಇಳಿದೂ
ಬೆಂಚಿನ ಮೇಲಿನ ಕಾಫಿ ಲೋಟದಲ್ಲಿ ಉಂಗುರ ಎದ್ದಿತು.
ಮುದುಕ ಟೋಪಿ ತೆಗೆದ.
ಯಾಕೆಂದು ಕೇಳಲಿಲ್ಲ.

ಭಾನುವಾರ ನಾನೂ ಹೋದೆ. ಜನವರಿ.
ಗಾಳಿ ಎಂದರೆ ಬೇಲಿಯೇ ಶಿಳ್ಳೆ ಹಾಕುತ್ತಿತ್ತು.
ನಲವತ್ತು ಕರಿಯ ಬೆನ್ನುಗಳು, ಅರ್ಧ ಮೈಲಿ ಆಚೆ.
ಹಾಕಿದ. ಯಾವುದೂ ಅಲುಗಲಿಲ್ಲ.
ಅವನು ನನ್ನನ್ನು ನೋಡಲಿಲ್ಲ, ಅದು ಅವನ ಮರ್ಯಾದೆ.
ನಾನು ಇಳಿದು ನಾಲ್ಕೂ ಬಾಗಿಲು ತೆರೆದೆ.

ಆಗ ಒಂದು ತಲೆ.
ಹರಿದ ಕಿವಿಯ ಮುದಿ ಹಸು,
ನಡೆದು, ಆಮೇಲೆ ಕೆಚ್ಚಲು ತೂಗಿಸುತ್ತ ಓಡಿ.
ಅದರ ಹಿಂದೆ ಉಳಿದವು. ಅವುಗಳ ಹಿಂದೆ
ಡೀಸೆಲ್ಲು ಎಂದರೇನೆಂದೇ ಅರಿಯದ ಹೊಸ ಕರುಗಳು,
ತಾಯಿ ಓಡಿದ್ದಕ್ಕೆ ಓಡಿದವು.

ಹಸು ಬಂದದ್ದು ಹುಲ್ಲಿಗಲ್ಲ ಮೊದಲು.
ಗಾಡಿಯ ಹಿಂದಕ್ಕೆ ಹೋಗಿ, ಬಂಪರಿನ ಕೆಳಗೆ,
ಹೊಗೆ ಇರಬೇಕಾದ ಜಾಗವನ್ನು ಮೂಸಿತು.
ಇನ್ನೊಮ್ಮೆ ಮೂಸಿತು.

'ಅದಕ್ಕೇನಾದರೂ ಮಾಡ್ತೀಯಾ?' ಅಂದ ಆರ್ವಿಲ್.
'ನಂದು ಪೆಟ್ಟಿಗೆ ಕೆಲಸ ಅಷ್ಟೇ' ಅಂದೆ.
ಇಬ್ಬರೂ ಹುಲ್ಲಿನ ಕಟ್ಟು ಬಿಚ್ಚತೊಡಗಿದೆವು.
ಎಡಗಡೆ ಎಲ್ಲೋ ಒಂದು ತಿರುಪು ಸಡಿಲ,
ಕಿರಿಕಿರಿ ಅನ್ನುತ್ತಿತ್ತು.
ಮಂಗಳವಾರ ತರಲು ಹೇಳಿದೆ.
ಅವನು ಬೇಡವೆಂದ;
ಹಳೆಯದರಲ್ಲೂ ಇತ್ತಂತೆ.